ಕರಕಿಯನ್ನು ತಪ್ಪಿಲ್ಲದೆ ಗುರುತಿಸುವುದು ಹೇಗೆ: ಬೇರಿನಿಂದ ತೆನೆಯವರೆಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕರಕಿ, ಅಂದರೆ ಗರಿಕೆ ಹುಲ್ಲು, ಯಾರಿಗೆ ಗೊತ್ತಿಲ್ಲ ಎಂದು ನಮ್ಮ ಭಾಗದಲ್ಲಿ ಎಲ್ಲರೂ ಕೇಳುತ್ತಾರೆ. ಆದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ರೈತರು “ಇದು ಕರಕಿ ಹೌದೋ ಅಲ್ಲವೋ ನೋಡಿರಿ” ಎಂದು ಕಳಿಸುವ ಫೋಟೊಗಳನ್ನು ನೋಡಿದಾಗ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಫೋಟೊದಲ್ಲಿ ಬೆರಳು ಬಿಡಿಸಿದಂತಿರುವ ತೆನೆಯೊಂದು ಇರುತ್ತದೆ, ಬೇರೇನೂ ಇರುವುದಿಲ್ಲ. ಆ ಬಗೆಯ ತೆನೆ ನಮ್ಮ ಹೊಲ, ಒಡ್ಡು, ಗಾಯರಾಣಗಳಲ್ಲಿ (ಊರ ಗೋಮಾಳಗಳಲ್ಲಿ) ಕಡಿಮೆಯೆಂದರೂ ನಾಲ್ಕೈದು ಹುಲ್ಲುಗಳಿಗೆ ಇದೆ. ಕರಕಿಯ ನಿಜವಾದ ಗುರುತು ನೆಲದ ಕೆಳಗಿದೆ, ಆಮೇಲೆ ಗೆಣ್ಣಿನಲ್ಲಿದೆ. ತೆನೆಯನ್ನು ನೋಡಬೇಕಾದದ್ದು ಕೊನೆಗೆ, ಅದೂ ಖಾತ್ರಿಗಾಗಿ ಮಾತ್ರ. ಈ ಮಾರ್ಗದರ್ಶಿಯ ಹಂತಗಳು ಅದೇ ಕ್ರಮದಲ್ಲಿವೆ. ದಯವಿಟ್ಟು ಕ್ರಮವನ್ನು ಬದಲಿಸಬೇಡಿ.

ತಪ್ಪಿದರೆ ನಷ್ಟ ಎರಡು ಕಡೆಯಿಂದಲೂ ಆಗುತ್ತದೆ. ಕರಕಿಯನ್ನು ಒಂದು ಹಂಗಾಮಿನ ಹುಲ್ಲೆಂದು ತಿಳಿದು ಹೊಲದಲ್ಲಿ ರೋಟಾವೇಟರ್ ಹೊಡೆಸಿದರೆ, ಅದರ ನೆಲದಡಿಯ ಕಾಂಡ ತುಂಡುತುಂಡಾಗಿ ಹೊಲದ ತುಂಬ ಹರಡುತ್ತದೆ ಮತ್ತು ಗೆಣ್ಣಿರುವ ಪ್ರತಿಯೊಂದು ತುಂಡೂ ಹೊಸ ಗಿಡವಾಗಬಲ್ಲದು. ಇದಕ್ಕೆ ವಿರುದ್ಧವಾಗಿ, ಒಂದೇ ಹಂಗಾಮು ಬದುಕುವ ಹುಲ್ಲನ್ನು ಕರಕಿಯೆಂದು ನಂಬಿ ಒಡ್ಡಿಗೆ ಹಚ್ಚಿದರೆ, ಮಾಗಿಯ ಹೊತ್ತಿಗೆ ಒಡ್ಡು ಬೋಳಾಗುತ್ತದೆ. ಕುಂದಗೋಳ ಕಡೆಯ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದ ಒಡ್ಡಿನಲ್ಲಿ ನಾನೇ ಈ ಎರಡನೆಯ ತಪ್ಪನ್ನು ಮಾಡಿದ್ದೇನೆ. ಹಳ್ಳದ ದಂಡೆಯಿಂದ ಎರಡು ಚೀಲ ಹುಲ್ಲನ್ನು ಕಿತ್ತು ತಂದು, ಮುಂಗಾರಿನಲ್ಲಿ ಸಾಲು ಹಿಡಿದು ನಾಟಿ ಮಾಡಿದೆವು. ದೀಪಾವಳಿಯವರೆಗೆ ಒಡ್ಡು ಹಸಿರಾಗಿಯೇ ಇತ್ತು. ಸಂಕ್ರಾಂತಿಯ ಹೊತ್ತಿಗೆ ಹುಲ್ಲು ಒಣಗಿ ಕೈಗೆ ಬುಡಸಮೇತ ಬಂತು. ಬುಡದಲ್ಲಿ ಎಳೆಬೇರಿನ ಗೊಂಚಲಿನ ಹೊರತು ಏನೂ ಇರಲಿಲ್ಲ. ಮುಂದಿನ ವರ್ಷದ ಮೊದಲ ದೊಡ್ಡ ಮಳೆಗೆ ಒಡ್ಡು ಎರಡು ಕಡೆ ಒಡೆಯಿತು. ನಾಟಿ ಮಾಡುವ ಮೊದಲು ಒಂದು ಗಿಡವನ್ನು ಅಗೆದು ನೋಡಿದ್ದರೆ ಇಷ್ಟೂ ತಪ್ಪುತ್ತಿತ್ತು.

ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕರಕಿ, ಕರಿಕೆ, ಗರಿಕೆ, ದೂರ್ವೆ ಈ ನಾಲ್ಕೂ ಒಂದೇ ಹುಲ್ಲು. ಅದರ ಸಸ್ಯಶಾಸ್ತ್ರೀಯ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಉಳಿದ ಹುಲ್ಲುಗಳ ಕನ್ನಡ ಹೆಸರು ಊರಿಂದ ಊರಿಗೆ ಬದಲಾಗುವುದರಿಂದ ಅವುಗಳಿಗೆ ಹೆಚ್ಚಾಗಿ ಶಾಸ್ತ್ರೀಯ ಹೆಸರನ್ನೇ ಬಳಸಿದ್ದೇನೆ.

ಬೇಕಾಗುವ ಸಾಮಾನು

ಕುರ್ಪಿ ಅಥವಾ ಸಣ್ಣ ಗುದ್ದಲಿ, ಒಂದು ಬಕೆಟ್ ನೀರು, ಮಿಲಿಮೀಟರ್ ಗೆರೆಗಳಿರುವ ಶಾಲೆಯ ಪಟ್ಟಿ, ಕಪ್ಪು ಬಟ್ಟೆಯ ತುಂಡು, ಹಳೆಯ ದಿನಪತ್ರಿಕೆ, ಪೆನ್ಸಿಲ್ ಮತ್ತು ಚೀಟಿ. ಇವೆಲ್ಲ ಮನೆಯಲ್ಲೇ ಇರುತ್ತವೆ. ಕೊಳ್ಳಬೇಕಾದದ್ದು ಒಂದೇ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ. ಅಕ್ಕಸಾಲಿಗರು ಕಣ್ಣಿಗೆ ಹಿಡಿದು ನೋಡುವಂಥದ್ದು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೊಬೈಲ್ ಕ್ಯಾಮೆರಾ ಮಸೂರದ ಕೆಲಸವನ್ನು ಪೂರ್ತಿ ಮಾಡುವುದಿಲ್ಲ, ಏಕೆಂದರೆ ಎಲೆಯ ಬುಡದ ಕೂದಲು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು ಮತ್ತು ಹೊಲದ ಬಿಸಿಲಿನಲ್ಲಿ ಹೆಚ್ಚಿನ ಕ್ಯಾಮೆರಾಗಳು ಅದನ್ನು ಹಿಡಿಯುವುದಿಲ್ಲ.

ಹಂತ 1: ಹೊತ್ತು ಮತ್ತು ಜಾಗವನ್ನು ಆರಿಸುವುದು

ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಕಾಲ ಉತ್ತಮ. ಆಗ ತೆನೆಯೂ ಸಿಗುತ್ತದೆ, ನೆಲವೂ ಹದವಾಗಿರುತ್ತದೆ. ಎರೆ ನೆಲ ಒಣಗಿ ಬಿರಿದ ಮೇಲೆ ಅಗೆದರೆ ಹೆಂಟೆಯ ಜೊತೆಗೆ ನೆಲದಡಿಯ ಕಾಂಡವೂ ಮುರಿದು, ನೋಡಬೇಕಾದ ಭಾಗವೇ ಮಣ್ಣಿನಲ್ಲಿ ಉಳಿದುಬಿಡುತ್ತದೆ. ತೀರ ಹಸಿಯಾದ ಎರೆಯೂ ಒಳ್ಳೆಯದಲ್ಲ, ಕುರ್ಪಿಗೆ ಮೆತ್ತಿಕೊಂಡು ಕೆಲಸ ಸಾಗುವುದಿಲ್ಲ. ಮಳೆ ನಿಂತು ಎರಡು ಮೂರು ದಿನವಾದ ಮೇಲೆ ಹೋಗಿ. ಮಸಾರಿ (ಕೆಂಪು ಮಣ್ಣಿನ) ಹೊಲದವರಿಗೆ ಈ ತೊಂದರೆ ಕಡಿಮೆ.

ಒಂದೇ ಜಾಗದ ಮಾದರಿಯನ್ನು ನಂಬಬೇಡಿ. ಕರಕಿಯಷ್ಟು ವೇಷ ಬದಲಿಸುವ ಹುಲ್ಲು ಕಡಿಮೆ. ದನಕರು ತುಳಿಯುವ ದಾರಿಯ ಮೇಲೆ ಅದರ ಎಲೆ ಎರಡು ಮೂರು ಸೆಂಟಿಮೀಟರ್ ಉದ್ದದಲ್ಲೇ ನಿಂತು, ನೆಲಕ್ಕೆ ಹಚ್ಚಿದ ಚಾಪೆಯಂತೆ ಕಾಣುತ್ತದೆ. ಅದೇ ಹುಲ್ಲು ಕಬ್ಬಿನ ಹೊಲದ ನೀರಿನ ಕಾಲುವೆಯ ದಂಡೆಯ ಮೇಲೆ ಹತ್ತು ಹದಿನೈದು ಸೆಂಟಿಮೀಟರ್ ಎಲೆ ಬಿಟ್ಟು, ಮೊಣಕಾಲ ತನಕ ಎದ್ದು ನಿಂತು, ಬೇರೆ ಹುಲ್ಲೇ ಎಂಬಷ್ಟು ಸೊಂಪಾಗುತ್ತದೆ. ಬೇವಿನ ಮರದ ನೆರಳಿನಲ್ಲಿ ಸಣಕಲಾಗಿ, ಗೆಣ್ಣು ದೂರದೂರವಾಗಿ ಎಳೆಯುತ್ತದೆ. ಆದ್ದರಿಂದ ತುಳಿತದ ಜಾಗ, ನೀರಿನ ಜಾಗ, ಬಯಲು ಒಡ್ಡು ಎಂಬ ಮೂರು ಕಡೆಯಿಂದ ಒಂದೊಂದು ಮಾದರಿ ತೆಗೆದುಕೊಳ್ಳಿ. ಬಣ್ಣ, ಎತ್ತರ, ಎಲೆಯ ಉದ್ದ ಈ ಮೂರರಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ಮಾದರಿಯನ್ನು ಸ್ವಂತ ಹೊಲದಿಂದ ಅಥವಾ ಊರ ಗಾಯರಾಣದಿಂದ ತೆಗೆಯಿರಿ. ಕಪ್ಪತಗುಡ್ಡವೂ ರಾಣೇಬೆನ್ನೂರಿನ ಕೃಷ್ಣಮೃಗ ಧಾಮವೂ ವನ್ಯಜೀವಿಧಾಮಗಳು. ಅಲ್ಲಿ ಹುಲ್ಲನ್ನು ಕಣ್ಣಿನಿಂದ ನೋಡಬೇಕೇ ಹೊರತು ಅಗೆಯಬಾರದು.

ಹಂತ 2: ಅಗೆದು ನೋಡುವುದು

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಹುಲ್ಲನ್ನು ಕೈಯಿಂದ ಕೀಳಬೇಡಿ. ಕಿತ್ತರೆ ಕರಕಿ ಕುತ್ತಿಗೆಯಲ್ಲಿ ಮುರಿದು, ಮೇಲಿನ ಭಾಗವಷ್ಟೇ ಕೈಗೆ ಬರುತ್ತದೆ ಮತ್ತು “ನೆಲದಡಿ ಏನೂ ಇಲ್ಲ” ಎಂಬ ಸುಳ್ಳು ತೀರ್ಮಾನಕ್ಕೆ ಅದೇ ಕಾರಣವಾಗುತ್ತದೆ. ಹುಲ್ಲಿನ ಮಟ್ಟಿಯ ಅಂಚನ್ನಲ್ಲ, ಹಳೆಯದಾದ ನಡುಭಾಗವನ್ನು ಆರಿಸಿ, ಸುತ್ತಲೂ ಒಂದು ಗೇಣು ಬಿಟ್ಟು, ಒಂದು ಗೇಣು ಆಳಕ್ಕೆ ಕುರ್ಪಿ ಇಳಿಸಿ, ಮಣ್ಣಿನ ಹೆಂಟೆಯನ್ನು ಇಡಿಯಾಗಿ ಎತ್ತಬೇಕು. ಅದನ್ನು ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ಎರೆ ಮಣ್ಣು ತಾನಾಗಿ ಕರಗಿ ಬೀಳುತ್ತದೆ. ಉಜ್ಜಿ ತೊಳೆಯುವ ಆತುರ ಬೇಡ.

ತೊಳೆದ ಮೇಲೆ ಕಪ್ಪು ಬಟ್ಟೆಯ ಮೇಲೆ ಹರಡಿ. ಅಲ್ಲಿ ಎರಡು ಬಗೆಯ ಎಳೆಗಳು ಕಾಣಬೇಕು. ಒಂದು, ಕೂದಲಿನಂತೆ ತೆಳ್ಳಗೆ, ಗೆಣ್ಣಿಲ್ಲದೆ ಕವಲೊಡೆಯುವ ಬೇರು. ಇನ್ನೊಂದು, ಬೆಳ್ಳಗೆ ಅಥವಾ ಹುಲ್ಲಿನ ಹಳದಿ ಬಣ್ಣದಲ್ಲಿ, ಸೆಣಬಿನ ಹುರಿಯಷ್ಟು ದಪ್ಪವಾಗಿ, ಅಡ್ಡಡ್ಡ ಹರಿಯುವ ನೆಲದಡಿಯ ಕಾಂಡ. ಈ ಎರಡನೆಯದನ್ನು ಬೆರಳಿನಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಸ್ವಲ್ಪ ಸ್ವಲ್ಪ ದೂರಕ್ಕೆ ಗೆಣ್ಣು ಬೆರಳಿಗೆ ತಾಗುತ್ತದೆ. ಪ್ರತಿ ಗೆಣ್ಣನ್ನೂ ಕಾಗದದಂಥ ಬಿಳಿ ಹೊಟ್ಟು ಅಪ್ಪಿಕೊಂಡಿರುತ್ತದೆ. ತುದಿಯನ್ನು ನೋಡಿ, ಅದು ದಬ್ಬಣದ ಮೊನೆಯಂತೆ ಚೂಪಾಗಿ, ಗಟ್ಟಿಯಾಗಿ, ಹೊಟ್ಟಿನೊಳಗೆ ಅಡಗಿರುತ್ತದೆ. ಉಗುರಿನಿಂದ ಹೊಟ್ಟನ್ನು ಸುಲಿದರೆ ಒಳಗೆ ಮೊಗ್ಗು ಕಾಣುತ್ತದೆ. ಇಷ್ಟು ಕಂಡರೆ ನೀವು ನೋಡುತ್ತಿರುವುದು ವರ್ಷವರ್ಷವೂ ಉಳಿಯುವ ಹುಲ್ಲು ಎಂಬುದರಲ್ಲಿ ಸಂದೇಹವಿಲ್ಲ, ಮತ್ತು ಮುಂದೆ ಹೇಳಲಿರುವ ಒಂದು ಹಂಗಾಮಿನ ಹುಲ್ಲುಗಳೆಲ್ಲ ಇಲ್ಲಿಗೇ ಹೊರಗುಳಿದವು.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಎಳೆಯಂಥ ಕಾಂಡದ ನಡುವೆ ಕಪ್ಪು ಬಣ್ಣದ, ವಾಸನೆಯುಳ್ಳ ಸಣ್ಣ ಗಡ್ಡೆಗಳು ಸಿಕ್ಕರೆ ಅದು ಕರಕಿಯಲ್ಲ, ಜೇಕು. ಜೇಕಿನ ತೆನೆಯ ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆ ತಾಗುತ್ತದೆ; ಕರಕಿಯ ಕಾಂಡಕ್ಕೆ ಮೂಲೆಗಳಿಲ್ಲ. ಎರಡನೆಯದಾಗಿ, ಅದೇ ಹಂಗಾಮಿನಲ್ಲಿ ಹುಟ್ಟಿದ ಎಳೆಯ ಕರಕಿಗೆ ನೆಲದಡಿಯ ಕಾಂಡ ಇನ್ನೂ ಬಲಿತಿರುವುದಿಲ್ಲ, ನಡುಭಾಗವನ್ನು ಅಗೆಯಿರಿ ಎಂದದ್ದು ಅದಕ್ಕೇ. ಮೂರನೆಯದಾಗಿ, ಕರಕಿಯ ಹತ್ತಿರದ ನೆಂಟನಾದ ಸೈನೋಡಾನ್ ರೇಡಿಯೇಟಸ್ ಎಂಬ ಹುಲ್ಲಿಗೆ ನೆಲದ ಮೇಲೆ ಹರಿಯುವ ಕಾಂಡವಿದೆ, ನೆಲದಡಿಯದು ಇಲ್ಲ. ಉಳಿದ ಎಲ್ಲ ಗುರುತುಗಳು ಹೊಂದಿ, ಹಳೆಯ ಮಟ್ಟಿಯನ್ನು ಎರಡು ಮೂರು ಕಡೆ ಅಗೆದರೂ ನೆಲದಡಿಯ ಕಾಂಡ ಸಿಗದಿದ್ದರೆ, ಮಾದರಿಯನ್ನು ಬಲ್ಲವರಿಗೆ ತೋರಿಸಬೇಕು.

ಹಂತ 3: ನೆಲದ ಮೇಲಿನ ಕಾಂಡ ಮತ್ತು ಗೆಣ್ಣು

ಈಗ ನೆಲದ ಮೇಲೆ ಹರಿಯುವ ಕಾಂಡವೊಂದನ್ನು ಹಿಡಿದು ಮೇಲೆತ್ತಿ. ಕರಕಿಯಾದರೆ ಅದು ಸುಲಭವಾಗಿ ಏಳುವುದಿಲ್ಲ, ಗೆಣ್ಣು ಗೆಣ್ಣಿಗೂ ಕೆಳಗೆ ಬೇರಿಳಿಸಿ, ಮೇಲೆ ಕುಡಿ ಒಡೆದಿರುತ್ತದೆ. ಕಾಂಡ ತಂತಿಯಂತೆ ಬಿಗಿಯಾಗಿ, ನುಣುಪಾಗಿ, ಬಿಸಿಲು ತಾಗಿದ ಕಡೆ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ.

ಗೆಣ್ಣಿನ ಎಲೆಗಳನ್ನು ಗಮನಿಸಿ. ಹುಲ್ಲುಗಳಲ್ಲಿ ಒಂದು ಗೆಣ್ಣಿಗೆ ಒಂದೇ ಎಲೆ. ಆದರೆ ಕರಕಿಯ ಕಾಂಡದಲ್ಲಿ ಗೆಣ್ಣಿಲ್ಲದ ಒಂದು ಉದ್ದನೆಯ ಭಾಗದ ನಂತರ ಎರಡು ಮೂರು ಗೆಣ್ಣುಗಳು ಒಂದಕ್ಕೊಂದು ಅಂಟಿದಂತೆ ಹತ್ತಿರ ಕೂತಿರುವುದರಿಂದ, ಎದುರುಬದುರಾಗಿ ಎರಡು ಎಲೆ ಒಂದೇ ಕಡೆಯಿಂದ ಹೊರಟಂತೆ ಕಾಣುತ್ತವೆ. ಇದು ಬಹಳ ಉಪಯುಕ್ತವಾದ ಗುರುತು, ಏಕೆಂದರೆ ತೆನೆ ಇಲ್ಲದ ಬೇಸಿಗೆಯಲ್ಲೂ, ದನ ಮೇಯ್ದು ಬಿಟ್ಟ ತುಂಡಿನಲ್ಲೂ ಇದು ಉಳಿದಿರುತ್ತದೆ. ಗಣೇಶ ಚೌತಿಗೆ ಗರಿಕೆ ಆರಿಸುವವರೂ ಇದನ್ನೇ ನೋಡುವುದು ಒಳ್ಳೆಯದು. ಭಾದ್ರಪದದಲ್ಲಿ ಡಿಜಿಟೇರಿಯಾ ಜಾತಿಯ ಹುಲ್ಲು ಎಲ್ಲೆಡೆ ಹುಲುಸಾಗಿರುತ್ತದೆ ಮತ್ತು ಕಟ್ಟಿನಲ್ಲಿ ಕರಕಿಯೊಂದಿಗೆ ಬೆರೆತರೆ ದೂರದಿಂದ ತಿಳಿಯುವುದಿಲ್ಲ.

ಗೆಣ್ಣಿನ ಸುತ್ತ ಬಿಳಿ ಕೂದಲಿನ ಉಂಗುರ ಕಂಡರೆ ಅಲ್ಲಿಗೇ ನಿಲ್ಲಿ. ಅದು ಮಾರ್ವೆಲ್ ಹುಲ್ಲು, ಅಂದರೆ ಡೈಕ್ಯಾಂಥಿಯಮ್ ಆನ್ಯುಲೇಟಮ್ ಆಗಿರುವ ಸಾಧ್ಯತೆ ಹೆಚ್ಚು. ಅದೂ ಬಹುವಾರ್ಷಿಕ, ಅದೂ ಎರೆ ನೆಲದ ಒಳ್ಳೆಯ ಮೇವು. ಆದರೆ ಅದು ಮಟ್ಟಿ ಕಟ್ಟಿ ಮೇಲೇಳುವ ಹುಲ್ಲು, ಕರಕಿಯಂತೆ ಹೊಲದೊಳಗೆ ನುಗ್ಗಿ ಕಾಡುವುದಿಲ್ಲ. ಒಡ್ಡಿಗೆ ಹುಲ್ಲು ಹಚ್ಚುವವರು ಈ ಎರಡರ ವ್ಯತ್ಯಾಸವನ್ನು ತಿಳಿಯಲೇಬೇಕು. ನನ್ನನ್ನು ಕೇಳಿದರೆ, ಉಳುವ ಎರೆ ಹೊಲಕ್ಕೆ ಹೊಂದಿದ ಒಡ್ಡಿಗೆ ಮಾರ್ವೆಲ್ ಹುಲ್ಲೇ ಮೇಲು. ಕರಕಿ ಗಾಯರಾಣಕ್ಕೆ, ಹಳ್ಳದ ದಂಡೆಗೆ, ಕೆರೆಯ ಏರಿಗೆ ಸರಿ.

ಹಂತ 4: ಎಲೆಯ ಬುಡದ ಕಿರುನಾಲಗೆ

ಹುಲ್ಲಿನ ಎಲೆಗೆ ಎರಡು ಭಾಗಗಳಿವೆ. ಕಾಂಡವನ್ನು ಕೊಳವೆಯಂತೆ ಸುತ್ತಿಕೊಂಡಿರುವುದು ಒರೆ. ಅದರಿಂದ ಹೊರಗೆ ಚಾಚುವುದು ಅಲಗು. ಒರೆ ಮುಗಿದು ಅಲಗು ಶುರುವಾಗುವ ಕೀಲಿನಲ್ಲಿ, ಒಳಮಗ್ಗುಲಿಗೆ, ಕಿರುನಾಲಗೆ ಎಂಬ ಚಿಕ್ಕ ಅಂಗವಿರುತ್ತದೆ. ಅದನ್ನು ನೋಡುವ ವಿಧಾನ ಹೀಗಿದೆ. ಚೆನ್ನಾಗಿ ಬಲಿತ, ಹರಿಯದ ಎಲೆಯೊಂದನ್ನು ಆರಿಸಿ, ಕಾಂಡವನ್ನು ಎಡಗೈಯಲ್ಲಿ ಹಿಡಿದು, ಅಲಗನ್ನು ಬಲಗೈಯಿಂದ ಹಿಂದಕ್ಕೆ ಪೂರ್ತಿ ಬಾಗಿಸಿ. ಕೀಲಿನ ಹಿಂದೆ ಕಪ್ಪು ಬಟ್ಟೆ ಇರಲಿ, ಬೆಳಕು ಮಗ್ಗುಲಿಂದ ಬರಲಿ. ಮಸೂರವನ್ನು ಕಣ್ಣಿಗೆ ಹಚ್ಚಿ ಹಿಡಿದು, ಹುಲ್ಲನ್ನೇ ಹತ್ತಿರ ತನ್ನಿರಿ. ಮಸೂರವನ್ನು ಹುಲ್ಲಿನ ಹತ್ತಿರ ಇಟ್ಟು ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ.

ಕರಕಿಯಾದರೆ ಅಲ್ಲಿ ಪೊರೆಯಂಥ ನಾಲಗೆ ಎದ್ದು ಕಾಣುವುದಿಲ್ಲ. ಅದರ ಬದಲಿಗೆ ಒಂದೇ ಸಾಲಿನ, ಬಹಳ ಗಿಡ್ಡನೆಯ ಬಿಳಿ ಕೂದಲಿನ ಅಂಚು ಇರುತ್ತದೆ, ಮತ್ತು ಎರಡು ತುದಿಗಳಲ್ಲಿ ತುಸು ಉದ್ದನೆಯ ಕೂದಲು ಕುಚ್ಚಿನಂತೆ ನಿಂತಿರುತ್ತದೆ. ಅಲಗು ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಅಗಲ, ಬೂದು ಬೆರೆತ ಹಸಿರು, ತುದಿಗೆ ಚೂಪು.

ಡಿಜಿಟೇರಿಯಾದಲ್ಲಿ ಇದೇ ಜಾಗದಲ್ಲಿ ತೆಳ್ಳನೆಯ, ಪಾರದರ್ಶಕವಾದ ಪೊರೆಯೊಂದು ಎದ್ದು ನಿಂತಿರುತ್ತದೆ, ಈರುಳ್ಳಿಯ ಒಳಸಿಪ್ಪೆಯ ಚೂರಿನಂತೆ. ಹೀಗಾಗಿ ತೆನೆ ಬರುವ ಮೊದಲೇ ಈ ಎರಡನ್ನೂ ಬೇರ್ಪಡಿಸಲು ಕಿರುನಾಲಗೆಯೊಂದೇ ಸಾಕು. ಆದರೆ ಮುಂದಿನ ಹಂತದಲ್ಲಿ ಹೇಳಲಿರುವ ಡ್ಯಾಕ್ಟಿಲೊಕ್ಟೇನಿಯಮ್ ಹುಲ್ಲಿನ ನಾಲಗೆಗೂ ಕೂದಲಿನ ಅಂಚು ಇರುವುದರಿಂದ, ಅದನ್ನು ಬೇರ್ಪಡಿಸಲು ಈ ಗುರುತು ಸಾಲದು. ಅಲ್ಲಿ ಅಲಗಿನ ಅಂಚನ್ನು ನೋಡಿ. ಬುಡದಲ್ಲಿ ಗುಳ್ಳೆಯಂಥ ಉಬ್ಬಿರುವ ಬಿರುಸು ಕೂದಲು ಕಂಡರೆ ಅದು ಕರಕಿಯಲ್ಲ.

ಹಂತ 5: ಕೊನೆಗೆ ತೆನೆ

ಕರಕಿಯ ತೆನೆಗೆ ಸಾಮಾನ್ಯವಾಗಿ 3ರಿಂದ 6 ಬೆರಳುಗಳು. ಪ್ರತಿಯೊಂದೂ 2ರಿಂದ 6 ಸೆಂಟಿಮೀಟರ್ ಉದ್ದವಿದ್ದು, ಎಲ್ಲವೂ ಕಡ್ಡಿಯ ತುದಿಯ ಒಂದೇ ಬಿಂದುವಿನಿಂದ ಹೊರಡುತ್ತವೆ. ಒಂದು ಬೆರಳನ್ನು ಮುರಿದು ಮಸೂರದ ಕೆಳಗೆ ಹೊರಳಿಸಿ. ಒಂದು ಮಗ್ಗುಲು ಬರಿದಾಗಿರುತ್ತದೆ. ಇನ್ನೊಂದು ಮಗ್ಗುಲಿಗೆ ಎರಡು ಮಿಲಿಮೀಟರಿಗಿಂತ ತುಸು ಉದ್ದನೆಯ, ಚಪ್ಪಟೆಯಾದ ಕಿರುತೆನೆಗಳು ಎರಡು ಸಾಲಿನಲ್ಲಿ, ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂತಿರುತ್ತವೆ. ಊಬು, ಅಂದರೆ ಕಿರುತೆನೆಯಿಂದ ಹೊರಚಾಚುವ ಮುಳ್ಳಿನಂಥ ಎಳೆ, ಇರುವುದಿಲ್ಲ. ಒಂದು ಕಿರುತೆನೆಯಲ್ಲಿ ಒಂದೇ ಹೂ. ಬೆಳಗಿನ ಹೊತ್ತು ನೋಡಿದರೆ ಹೊರಗೆ ಚಾಚಿದ ನೇರಳೆ ಕುಚ್ಚುಗಳು ಬರಿಗಣ್ಣಿಗೂ ಕಾಣಬಹುದು.

ಈಗ ಮೋಸಗೊಳಿಸುವ ಹುಲ್ಲುಗಳು. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗುವುದು ಡ್ಯಾಕ್ಟಿಲೊಕ್ಟೇನಿಯಮ್ ಈಜಿಪ್ಟಿಯಮ್‌ನಿಂದ. ಅದೂ ನೆಲದ ಮೇಲೆ ಹರಿಯುತ್ತದೆ, ಗೆಣ್ಣಿಗೆ ಬೇರು ಬಿಡುತ್ತದೆ. ನನ್ನ ಒಡ್ಡಿನ ಮೇಲೆ ಒಣಗಿದ್ದು ಇದೇ. ಅದರ ಬೆರಳುಗಳು ಗಿಡ್ಡ, ದಪ್ಪ, ಅಡ್ಡಕ್ಕೆ ಚಾಚಿದವು. ಕಿರುತೆನೆಗಳು ಮುಗಿದ ಮೇಲೂ ಬೆರಳಿನ ನಡುಗಡ್ಡಿ ಬರಿದಾದ ಚೂಪು ಮೊನೆಯಾಗಿ ಮುಂದೆ ಚಾಚಿರುತ್ತದೆ. ಉಗುರಿನ ತುದಿಯಿಂದ ಬೆರಳಿನ ಕೊನೆಯನ್ನು ಮುಟ್ಟಿದರೆ ಚುಚ್ಚಿದಂತಾಗುತ್ತದೆ. ಕರಕಿಯಲ್ಲಿ ಕಿರುತೆನೆಗಳು ತುದಿಯವರೆಗೂ ಇರುತ್ತವೆ.

ಕಾಡು ರಾಗಿಯಂತಿರುವ ಎಲ್ಯುಸೈನ್ ಇಂಡಿಕಾವನ್ನು ಬುಡದಿಂದಲೇ ತಿಳಿಯಬಹುದು. ಅದರ ಬುಡ ಬೆಳ್ಳಗೆ, ಒತ್ತಿ ಚಪ್ಪಟೆ ಮಾಡಿದಂತೆ ಇದ್ದು, ಗಿಡ ಮಟ್ಟಿಯಾಗಿ ಒಂದೇ ಕಡೆ ಕೂತಿರುತ್ತದೆ. ಎಳೆದರೆ ಬಲವಾಗಿ ಹಿಡಿದುಕೊಳ್ಳುವುದರಿಂದ ಇದು ಬಹುವಾರ್ಷಿಕ ಎಂದು ಜನ ತಿಳಿಯುತ್ತಾರೆ. ಹಿಡಿತ ಬೇರಿನದು, ನೆಲದಡಿಯ ಕಾಂಡದ್ದಲ್ಲ. ಅದರ ತೆನೆಯಲ್ಲಿ ಅನೇಕ ಸಲ ಒಂದು ಬೆರಳು ಉಳಿದವುಗಳಿಗಿಂತ ಕೆಳಗೆ, ಒಂಟಿಯಾಗಿ ಹೊರಟಿರುತ್ತದೆ, ಮತ್ತು ಪ್ರತಿ ಕಿರುತೆನೆಯಲ್ಲಿ ಹಲವು ಹೂಗಳಿರುತ್ತವೆ.

ಡಿಜಿಟೇರಿಯಾದ ಬೆರಳುಗಳು ಉದ್ದ, ತೆಳು, ಕಿರುತೆನೆಗಳು ಜೋಡಿಜೋಡಿಯಾಗಿರುತ್ತವೆ. ಕ್ಲೋರಿಸ್ ಬಾರ್ಬೇಟಾಗೆ ನೇರಳೆ ಬಣ್ಣದ, ಊಬುಳ್ಳ, ಮುಟ್ಟಿದರೆ ಮೆತ್ತಗಿರುವ ತೆನೆ; ರಸ್ತೆಯ ಬದಿಯಲ್ಲಿ ಇದು ಬಹಳ. ಊಬು ಕಂಡ ಕೂಡಲೇ ಕರಕಿಯ ಮಾತು ಬಿಡಬಹುದು.

ಹಂತ 6: ಸಂದೇಹ ಉಳಿದರೆ ಕುಂಡದ ಪರೀಕ್ಷೆ

ತೆನೆ ಸಿಗದ ಕಾಲದಲ್ಲಿ, ಅಥವಾ ದೊಡ್ಡ ಪ್ರಮಾಣದಲ್ಲಿ ನಾಟಿ ಮಾಡುವ ಮೊದಲು, ಈ ಪರೀಕ್ಷೆ ಮಾಡಲೇಬೇಕೆಂದು ನನ್ನ ಸಲಹೆ. ತೊಳೆದ ನೆಲದಡಿಯ ಕಾಂಡವನ್ನು ಎರಡೆರಡು ಗೆಣ್ಣಿರುವಂತೆ ಹತ್ತು ತುಂಡು ಮಾಡಿ. ಎಲೆ, ಎಳೆಬೇರು ಎಲ್ಲವನ್ನೂ ಕತ್ತರಿಸಿ ತೆಗೆಯಿರಿ. ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ಎರಡು ಬೆರಳಿನ ಆಳಕ್ಕೆ ಅಡ್ಡಲಾಗಿ ಮಲಗಿಸಿ, ಬಿಸಿಲಿಗಿಟ್ಟು, ಮಣ್ಣು ಒಣಗದಂತೆ ನೀರು ಹಾಕಿ. ಬೆಚ್ಚನೆಯ ದಿನಗಳಲ್ಲಿ ಎರಡು ಮೂರು ವಾರಗಳೊಳಗೆ ಹಲವು ತುಂಡುಗಳು ಮೊಳೆತು ಚೂಪನೆಯ ಕುಡಿ ಮೇಲೆ ಬಂದರೆ ನಿಮ್ಮ ಕೈಯಲ್ಲಿರುವುದು ಬೇರಲ್ಲ, ಕಾಂಡವೇ ಎಂದು ಖಾತ್ರಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕರಕಿ ಮಂದವಾಗುವುದರಿಂದ ಆಗ ಪರೀಕ್ಷೆ ಮಾಡಿ “ಮೊಳೆಯಲಿಲ್ಲ” ಎಂದು ತೀರ್ಮಾನಿಸಬೇಡಿ. ತುಂಡುಗಳನ್ನು ನೆರಳಿನಲ್ಲಿ ಹಸಿಯಾಗಿಯೇ ಇಟ್ಟುಕೊಳ್ಳಿ. ಬಿಸಿಲಿಗೆ ಬಿದ್ದು ಒಣಗಿದ ಕಾಂಡ ಸಾಯುತ್ತದೆ, ಬೇಸಿಗೆಯಲ್ಲಿ ಆಳವಾಗಿ ಉತ್ತು ಹೆಂಟೆ ಮಗುಚಿಬಿಡುವ ರೂಢಿ ಕರಕಿಯ ಮೇಲೆ ಕೆಲಸ ಮಾಡುವುದೂ ಹೀಗೆಯೇ.

ಪರೀಕ್ಷೆ ಮುಗಿದ ಕುಂಡದ ಮಣ್ಣನ್ನು ಹೊಲಕ್ಕೆ ಚೆಲ್ಲಬೇಡಿ.

ಹಂತ 7: ಬಲ್ಲವರಿಗೆ ತೋರಿಸುವ ಮಾದರಿ

ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ, ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗವಿದೆ. ಇಷ್ಟು ಹತ್ತಿರ ತಜ್ಞರಿರುವ ಊರಿನವರು ಸಂದೇಹವನ್ನು ಇಟ್ಟುಕೊಂಡು ಕೂರಬೇಕಾಗಿಲ್ಲ. ಆದರೆ ಬಾಡಿದ ಹಿಡಿ ಹುಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿಕೊಂಡು ಹೋದರೆ ಯಾವ ತಜ್ಞರೂ ಏನನ್ನೂ ಹೇಳಲಾರರು.

ನೆಲದಡಿಯ ಕಾಂಡ, ಮೇಲಿನ ಕಾಂಡ, ಎಲೆ, ತೆನೆ ನಾಲ್ಕೂ ಒಂದೇ ಗಿಡದಲ್ಲಿರುವಂತೆ ತೊಳೆದು, ನೀರು ಒರೆಸಿ, ದಿನಪತ್ರಿಕೆಯ ಮಡಿಕೆಯಲ್ಲಿ ಬಿಡಿಸಿ ಇಡಿ. ಉದ್ದವಾದರೆ ಕಾಂಡವನ್ನು ಕೋನವಾಗಿ ಮಡಚಬಹುದು, ಕತ್ತರಿಸಬೇಡಿ. ಮೇಲೆ ಭಾರವಾದ ಹಲಗೆ ಇಟ್ಟು, ಮೊದಲ ನಾಲ್ಕೈದು ದಿನ ಪ್ರತಿದಿನವೂ ಕಾಗದ ಬದಲಿಸಿ. ಬದಲಿಸದಿದ್ದರೆ ಬೂಷ್ಟು ಹಿಡಿದು ಕಿರುನಾಲಗೆಯ ಕೂದಲು ಮೊದಲು ಹಾಳಾಗುತ್ತದೆ. ಚೀಟಿಯಲ್ಲಿ ಊರು, ತಾಲೂಕು, ತಾರೀಖು, ಎರೆಯೋ ಮಸಾರಿಯೋ, ನೀರಾವರಿಯೋ ಒಣಬೇಸಾಯವೋ, ಎಷ್ಟು ಆಳದಲ್ಲಿ ಕಾಂಡ ಸಿಕ್ಕಿತು ಎಂಬುದನ್ನು ಪೆನ್ಸಿಲ್‌ನಿಂದ ಬರೆಯಿರಿ, ಏಕೆಂದರೆ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಒಣಗಿದ ಮೇಲೆ ತಿಳಿಯದೆ ಹೋಗುವ ಸಂಗತಿಗಳನ್ನು, ಅಂದರೆ ಹಸಿಯಾಗಿದ್ದಾಗಿನ ಎಲೆಯ ಬಣ್ಣವನ್ನೂ ಹೂವಿನ ಕುಚ್ಚಿನ ಬಣ್ಣವನ್ನೂ, ಹೊಲದಲ್ಲಿ ನಿಂತಿರುವಾಗಲೇ ಚೀಟಿಗೆ ಸೇರಿಸಿ.